ಹಿಂಬಾಗಿಲು ತೆರೆಯುತ್ತದೆಯೇ, ನೋಡಿದ್ದೀರಾ?

ನಮ್ಮಲ್ಲಿ ಐವತ್ತು ದಾಟಿದವರು ಬಹಳ ಮಂದಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿ, ಸಿಕ್ಕಿಬಿದ್ದು ಪೆಟ್ಟು ತಿಂದವರು. ಈಗ ರಜೆಯ ದಿನ ಬಂಕ್ ಬೆಡ್ಡಿನ ಮೇಲೆ ಮಲಗಿ ಮೊಬೈಲಿನಲ್ಲಿ ಇಂಗ್ಲಿಷ್ ಪತ್ತೇದಾರಿ ಧಾರಾವಾಹಿ ನೋಡುವುದೂ ಅದೇ ಹಳೆಯ ಚಟ. ಬ್ರಿಟನ್ನಿನ ಅಂಥದೊಂದು ಧಾರಾವಾಹಿಯಲ್ಲಿ ನಾಯಕ ಅಗ್ನಿಶಾಮಕ ದಳದಿಂದ ನಿವೃತ್ತನಾಗಿ ಖಾಸಗಿ ಪತ್ತೇದಾರಿಕೆಗೆ ಇಳಿದವನು. ಪೊಲೀಸನೋ ವಕೀಲನೋ ಪತ್ತೇದಾರನಾಗುವುದು ಸರಿ, ಬೆಂಕಿ ಆರಿಸುವವನಿಗೆ ಇದೇನು ಕೆಲಸ ಎಂದು ಮೊದಲು ನಗು ಬಂತು. ಆಮೇಲೆ ಯೋಚಿಸಿದಾಗ ಒಪ್ಪಿಗೆಯಾಯಿತು. ಬೆಂಕಿ ಎಲ್ಲಿ ಹತ್ತಿತು, ಹೊಗೆ ಯಾವ ಕಡೆ ಓಡಿತು, ಜನ ಯಾವ ಬಾಗಿಲ ಬುಡದಲ್ಲಿ ಬಿದ್ದರು ಎಂಬುದನ್ನು ಕಣ್ಣಾರೆ ಕಂಡವನು ಅವನೇ ಅಲ್ಲವೇ?

ಧಾರಾವಾಹಿಯಲ್ಲಿ ಕೇಸು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಐರ್ಲೆಂಡಿನ ಒಂದು ಕೇಸು ಮುಗಿಯಲು 43 ವರ್ಷ ಹಿಡಿಯಿತು.

ಡಬ್ಲಿನ್ ನಗರದ ಆರ್ಟೇನ್ ಎಂಬಲ್ಲಿ ಸ್ಟಾರ್‌ಡಸ್ಟ್ ಎಂಬ ನೃತ್ಯಶಾಲೆ ಇತ್ತು. 1981ರ ಫೆಬ್ರವರಿ 14ರ ನಸುಕಿನಲ್ಲಿ, ಪ್ರೇಮಿಗಳ ದಿನದ ಕುಣಿತ ನಡೆಯುತ್ತಿದ್ದಾಗ ಅಲ್ಲಿ ಬೆಂಕಿ ಬಿತ್ತು. ಒಳಗೆ 800ಕ್ಕೂ ಹೆಚ್ಚು ಜನ. ಸತ್ತವರು 48 ಮಂದಿ, ಎಲ್ಲರೂ 16ರಿಂದ 27ರ ಒಳಗಿನವರು, ಬಹುಪಾಲು ದುಡಿಯುವವರ ಮನೆಯ ಮಕ್ಕಳು. ಟಿಕೆಟ್ ಇಲ್ಲದ ಗೆಳೆಯರನ್ನು ಒಳಗೆ ಬಿಟ್ಟುಕೊಂಡಾರು ಎಂಬ ಲೆಕ್ಕಾಚಾರದಲ್ಲಿ ತುರ್ತು ಬಾಗಿಲುಗಳಿಗೆ ಬೀಗ, ಸರಪಳಿ ಹಾಕುವ ರೂಢಿ ಅಲ್ಲಿತ್ತು. ಕೆಲವು ಟಿಕೆಟ್ಟಿನ ಕಾಸು ಉಳಿಸುವುದಕ್ಕೆ!

ಮೊದಲ ವಿಚಾರಣಾ ಆಯೋಗ ಬೆಂಕಿಯನ್ನು ಬಹುಶಃ ಯಾರೋ ಹಚ್ಚಿದ್ದು ಎಂದಿತು. ಆ 'ಬಹುಶಃ' ಎಂಬ ಒಂದು ಮಾತಿನ ಫಲವೇನು ಗೊತ್ತೇ? ಅದರ ಆಧಾರದಲ್ಲಿ ಮಾಲೀಕರಿಗೆ 5 ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಸಿಕ್ಕಿತು. ಸತ್ತ ಮಕ್ಕಳ ಜೊತೆ ಕುಣಿಯಲು ಹೋಗಿ ಬದುಕಿ ಬಂದವರ ಮೇಲೆ, ಊರಿನ ಮೇಲೆ ಅನುಮಾನದ ನೆರಳು ಉಳಿಯಿತು. ಗಾಯಕ ಕ್ರಿಸ್ಟಿ ಮೂರ್ ಈ ದುರಂತದ ಮೇಲೆ ಹಾಡು ಕಟ್ಟಿದರೆ ಅದು ನ್ಯಾಯಾಲಯ ನಿಂದನೆ ಎನಿಸಿಕೊಂಡು ಆಲ್ಬಮ್ಮಿನಿಂದ ತೆಗೆಯಬೇಕಾಯಿತು.

ಆಗ ಪತ್ತೇದಾರರಾದವರು ಅಪ್ಪ ಅಮ್ಮಂದಿರು. ಕಾಗದಪತ್ರ ಹುಡುಕಿದರು, ತಜ್ಞರ ಬಾಗಿಲು ತಟ್ಟಿದರು, ಬೀದಿಯಲ್ಲಿ ನಿಂತರು. ಬೇರೆಯವರಾಗಿದ್ದರೆ ಹತ್ತು ವರ್ಷಕ್ಕೆ ಸುಸ್ತಾಗಿ ಕೈಬಿಡುತ್ತಿದ್ದರು. ಗುರುತು ಸಿಗದೆ ಒಟ್ಟಿಗೆ ಮಣ್ಣಾಗಿದ್ದ ಐವರು ಯಾರು ಯಾರು ಎಂದು ಡಿಎನ್ಎ ಪರೀಕ್ಷೆಯಿಂದ ತಿಳಿದದ್ದು 2007ರಲ್ಲಿ. 2009ರಲ್ಲಿ ಹೊಸ ಪರಿಶೀಲನೆಯಾಗಿ, ಯಾರೋ ಹಚ್ಚಿದರೆಂಬುದಕ್ಕೆ ಸಾಕ್ಷ್ಯವಿಲ್ಲ ಎಂದಾಯಿತು. 2023ರಲ್ಲಿ ಮರುವಿಚಾರಣೆ ಶುರುವಾಯಿತು. 2024ರ ಏಪ್ರಿಲ್ 18ರಂದು ಜ್ಯೂರಿ 48 ಸಾವುಗಳೂ ಕಾನೂನುಬಾಹಿರ ಹತ್ಯೆ ಎಂದಿತು. ಬೆಂಕಿ ಹುಟ್ಟಿದ್ದು ಬಾರಿನ ಬಿಸಿನೀರಿನ ಕಪಾಟಿನೊಳಗೆ, ವಿದ್ಯುತ್ ದೋಷದಿಂದ. ಜನ ಹೊರಬರಲಾಗದ್ದಕ್ಕೆ ಬೀಗ ಬಿದ್ದ, ಅಡ್ಡಿಯಾದ ಬಾಗಿಲುಗಳೂ ಕಾರಣ. ಐದು ದಿನ ಕಳೆದು ಪ್ರಧಾನಿ ಸೈಮನ್ ಹ್ಯಾರಿಸ್ ಸಂಸತ್ತಿನಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಅದನ್ನು ಕೇಳಿಸಿಕೊಳ್ಳಲು ಎಷ್ಟೋ ತಾಯಿ ತಂದೆಯರು ಉಳಿದಿರಲಿಲ್ಲ.

ಐರ್ಲೆಂಡಿನ ಕಥೆ ನಮಗೇಕೆ ಎನ್ನಬೇಡಿ. ಸ್ಟಾರ್‌ಡಸ್ಟ್ ಉರಿಯುವುದಕ್ಕೆ ಸರಿಯಾಗಿ ಒಂದು ವಾರ ಮೊದಲು, 1981ರ ಫೆಬ್ರವರಿ 7ರಂದು, ನಮ್ಮ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಉರಿದು 90ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಡಬ್ಲಿನ್ನಿನವರು ತಮ್ಮ 48 ಹೆಸರುಗಳನ್ನು 43 ವರ್ಷ ಬಾಯಲ್ಲಿಟ್ಟುಕೊಂಡರು. ನಮಗೆ ನಮ್ಮ ಮಕ್ಕಳಲ್ಲಿ ಒಂದು ಹೆಸರಾದರೂ ನೆನಪಿದೆಯೇ? 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದರು. ಅಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆ ಕಟ್ಟಿ, ಕಟ್ಟಡಗಳ ಬೆಂಕಿ ಸುರಕ್ಷತೆಗಾಗಿ ದನಿ ಎತ್ತಿದರು. ಅಂಥವರು ನಮ್ಮಲ್ಲೂ ಇದ್ದಾರೆ, ಕಡಿಮೆ.

ಇನ್ನು ನಮ್ಮ ಕೊಲ್ಲಿಗೆ ಬರೋಣ. 2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸತ್ತವರಲ್ಲಿ 45 ಮಂದಿ ಭಾರತೀಯರು. ಕೇರಳದವರು ಹೆಚ್ಚು, ಕಲಬುರಗಿ ಕಡೆಯ ನಮ್ಮವನೂ ಒಬ್ಬ. ಹೆಚ್ಚಿನವರನ್ನು ಕೊಂದದ್ದು ಹೊಗೆ. ಮಲಗಿದಲ್ಲೇ ಹೋದರು. ಮಹಡಿಯ ಮೇಲಿನ ಬಾಗಿಲಿಗೆ ಬೀಗ ಇತ್ತೆಂದು ವರದಿಯಾಯಿತು. ಡಬ್ಲಿನ್ನಿನ ಬೀಗ, ಮಂಗಾಫಿನ ಬೀಗ, ನಡುವೆ 43 ವರ್ಷ.

ಕಂಪನಿಯವರನ್ನು, ಕಟ್ಟಡದ ಮಾಲೀಕರನ್ನು ಬೈಯುವುದು ನಮಗೆ ಸುಲಭ, ಬೈಯಲು ಕಾರಣಗಳೂ ಇವೆ. ಕ್ಯಾಂಪ್ ಬಾಸ್‌ಗೆ ದೂರು ಕೊಟ್ಟರೆ ವೀಸಾ ನವೀಕರಣದ ಹೊತ್ತಿಗೆ ಏನಾಗುತ್ತದೋ ಎಂಬ ಹೆದರಿಕೆ ನಮಗೆಲ್ಲ ಇದೆ, ಅದನ್ನು ಮುಚ್ಚಿಟ್ಟು ಧೈರ್ಯದ ಮಾತಾಡುವುದಿಲ್ಲ. ಆದರೆ ರೂಮಿನಲ್ಲಿ ಬಂಗುಡೆ ಹುರಿಯುವಾಗ ಅಲಾರಂ ಕೂಗುತ್ತದೆಂದು ಹೊಗೆ ಪತ್ತೆ ಮಾಡುವ ಯಂತ್ರಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದು ಯಾರು? ನಾವೇ. ಊರಿಗೆ ಹೋಗುವ ಪೆಟ್ಟಿಗೆಗಳನ್ನು ಮೆಟ್ಟಿಲಲ್ಲಿ ಜೋಡಿಸಿದ್ದು, ಒಂದೇ ಪ್ಲಗ್ಗಿಗೆ ಆರು ಚಾರ್ಜರ್ ಸಿಕ್ಕಿಸಿದ್ದು? ಅದೂ ನಾವೇ. ಕಳೆದ ರಾಜ್ಯೋತ್ಸವದಲ್ಲಿ ಭುವನೇಶ್ವರಿಯ ದೊಡ್ಡ ಬ್ಯಾನರನ್ನು ಎಲ್ಲಿ ಕಟ್ಟಿದೆವು ಎಂದು ಫೋಟೋ ತೆಗೆದು ನೋಡಿ. ಹಿಂಬಾಗಿಲಿನ ಮೇಲೆಯೇ. ಆ ಸಂಜೆ ಸಭಾಂಗಣದ ತುಂಬ ನಮ್ಮ ಮಕ್ಕಳಿದ್ದರು.

ನಮ್ಮಲ್ಲಿ ಸೇಫ್ಟಿ ಆಫೀಸರ್ ಕೆಲಸದಲ್ಲಿರುವ ಕನ್ನಡಿಗರು ಕಡಿಮೆಯೇನಿಲ್ಲ. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವ ಬದಲು, ಸಮಾರಂಭದ ಮುನ್ನಾದಿನ ಅರ್ಧ ಗಂಟೆ ಸಭಾಂಗಣಕ್ಕೆ ಕರೆದೊಯ್ದರೆ ಸಾಕು. ಬಾಗಿಲು ಬಾಗಿಲನ್ನೂ ತಳ್ಳಿ ನೋಡಲಿ. ತೆರೆಯದಿದ್ದರೆ ಸಂಘ ಬರವಣಿಗೆಯಲ್ಲಿ ಕೇಳಲಿ. ಒಬ್ಬ ಕಾರ್ಮಿಕ ಕೇಳಲಾರದ್ದನ್ನು ಸಂಘದ ಲೆಟರ್‌ಹೆಡ್ ಕೇಳಬಹುದು, ಕ್ಯಾಂಪಿನ ವಿಷಯದಲ್ಲೂ.

ಬೆಂಕಿ ಬಿದ್ದರೆ ಕರೆಯುವ ನಂಬರು ಇಲ್ಲೇ ಬರೆದುಕೊಳ್ಳಿ: ಯುಎಇ 997, ಸೌದಿ 998, ಕುವೈತ್ 112, ಕತಾರ್ ಮತ್ತು ಬಹರೈನ್ 999, ಒಮಾನ್ 9999. ಈ ಪುಟವನ್ನು ಹರಿದು ರೂಮಿನ ಬಾಗಿಲಿಗೆ ಅಂಟಿಸಿದರೂ ನಮಗೆ ಬೇಸರವಿಲ್ಲ. ಈ ನವೆಂಬರಿನಲ್ಲಿ ಬ್ಯಾನರ್ ಕಟ್ಟಲು ಎಡಗೋಡೆ ಖಾಲಿ ಇದೆ, ನೋಡಿ ಬಂದಿದ್ದೇವೆ.