ಒಂದೇ ಬೀಗದಕೈಯ ಕಾರು

ರಾಜಧಾನಿಯ ರಸ್ತೆಗಳಲ್ಲಿ ಹಳೆಯ ಮೋಟಾರು ವಾಹನಗಳು ಇರಬೇಕೇ ಬೇಡವೇ ಎಂಬ ವ್ಯಾಜ್ಯವು ಹಲವು ವರ್ಷಗಳಿಂದ ನಡೆದುಬಂದಿರುವುದು ನಮ್ಮ ವಾಚಕರಿಗೆ ತಿಳಿದೇ ಇದೆ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳನ್ನೂ ಓಡಿಸಕೂಡದೆಂಬ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ದೆಹಲಿಯ ಬಂಕುಗಳಲ್ಲಿ ಎಣ್ಣೆ ಹಾಕಬಾರದೆಂದು ಕಟ್ಟುಮಾಡಿ, ಜನರ ಗದ್ದಲವೆದ್ದೊಡನೆ ಕೆಲವೇ ದಿನಗಳಲ್ಲಿ ಅದನ್ನು ಮುಂದೂಡಿದರು. ಅದೇ ವರ್ಷದ ಆಗಸ್ಟಿನಲ್ಲಿ ನ್ಯಾಯಾಲಯವು ವಾಹನದ ವಯಸ್ಸೊಂದನ್ನೇ ನೋಡಿ ಮಾಲಿಕರ ಮೇಲೆ ಬಲಾತ್ಕಾರದ ಕ್ರಮ ಕೈಕೊಳ್ಳಬಾರದೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಭಾರತ್ ಸ್ಟೇಜ್ ನಾಲ್ಕು ಮತ್ತು ಅನಂತರದ ವಾಹನಗಳಿಗೆ ಮಾತ್ರ ಉಳಿಸಿತು.

ಈ ಏರಿಳಿತದ ನಡುವೆ ಉಳ್ಳವರು ಹಳೆಯ ಕಾರನ್ನು ಬಂದ ಬೆಲೆಗೆ ಮಾರಿ ಹೊಸದನ್ನು ಕೊಂಡರು. ಅವರು ಮಾರಿದ್ದು ಯಾರ ಪಾಲಿಗೆ ಬಂತು? ಹೋಟೆಲಿನಲ್ಲಿ ಮಾಣಿಯಾಗಿ ಸೇರಿ ಗಲ್ಲಾದವರೆಗೆ ಏರಿ ನಾಲ್ಕು ಕಾಸು ಕೂಡಿಸಿದವರು, ಸರ್ಕಾರಿ ಕಛೇರಿಯ ಗುಮಾಸ್ತರು, ಬಿಡುವಿನಲ್ಲಿ ಬಾಡಿಗೆಗೆ ಕಾರು ಓಡಿಸುವ ತರುಣರು, ಇಂಥವರೇ ಆ ಪೇಟೆಯ ಗಿರಾಕಿಗಳು. ಕಾರು ಕೊಳ್ಳುವಾಗ ನಮ್ಮವರು ಎಂಜಿನ್ನಿನ ಸದ್ದು ಕೇಳುತ್ತಾರೆ, ಟೈರು ಒತ್ತಿ ನೋಡುತ್ತಾರೆ, ಕಾಗದ ಪತ್ರಗಳನ್ನು ತಿರುವಿಹಾಕುತ್ತಾರೆ. ಬೀಗದಕೈ ಎಷ್ಟಿವೆ ಎಂದು ಕೇಳುವವರು ವಿರಳ. ದಲ್ಲಾಳಿಯು ಒಂದನ್ನು ಕೈಗಿತ್ತು, ಇನ್ನೊಂದು ಮೊದಲ ಮಾಲಿಕರ ಮನೆಯಲ್ಲಿ ಎಲ್ಲೋ ಇದೆ, ಕಳಿಸಿಕೊಡುತ್ತೇನೆ ಎನ್ನುತ್ತಾನೆ. ಅದು ಬರುವುದಿಲ್ಲ.

ಒಂದು ಬೀಗದಕೈಗೆ ಪತ್ರಿಕೆಯಲ್ಲಿ ಇಷ್ಟು ಜಾಗವೇಕೆಂದು ಕೆಲವರು ಕೇಳಬಹುದು. ಉಗ್ರಾಣದ ಬೀಗದಕೈ ಕಳೆದರೆ ಬೀದಿಯ ಬೀಗದವನನ್ನು ಕರೆದು ಅರ್ಧ ಗಂಟೆಯಲ್ಲಿ ಹೊಸದನ್ನು ಮಾಡಿಸಿಕೊಳ್ಳುವ ಹೋಟೆಲಿನವರಿಗೆ ಆ ಸಂಶಯ ಬರುವುದು ಸಹಜವೇ. ಆದರೆ ಇಂದಿನ ಕಾರಿನ ಬೀಗದಕೈ ಕೇವಲ ಹಲ್ಲು ಕೊರೆದ ಲೋಹದ ಪಟ್ಟಿಯಲ್ಲ. ಅದರ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇರುತ್ತದೆ. ಬೀಗದ ಸುತ್ತಲಿನ ತಂತಿಸುರುಳಿಯು ಆ ಚಿಪ್ಪಿಗೆ ಶಕ್ತಿಯನ್ನೂಡಿ ಅದರ ಗುರುತನ್ನು ಕೇಳುತ್ತದೆ. ಆ ಗುರುತು ಕಾರಿನ ಕಂಪ್ಯೂಟರಿನಲ್ಲಿ ಬರೆದಿಟ್ಟಿರುವುದಕ್ಕೆ ಹೊಂದಿದರೆ ಮಾತ್ರ ಎಂಜಿನ್ ಹಿಡಿಯುತ್ತದೆ. ಬೀದಿಯವನು ಕೊರೆದುಕೊಟ್ಟ ಬರಿಯ ಲೋಹದ ಕೈಯಿಂದ ಬಾಗಿಲು ತೆರೆದೀತು, ಗಾಡಿ ಓಡದು.

ಇಲ್ಲಿಯೇ ವೆಚ್ಚದ ಗುಟ್ಟೂ ಅಡಗಿದೆ. ಮೊದಲ ಬೀಗದಕೈ ನಮ್ಮ ವಶದಲ್ಲಿರುವಾಗ ಎರಡನೆಯದನ್ನು ಕಾರಿಗೆ ಪರಿಚಯಿಸುವುದು ಸುಲಭ. ಸಾಮಾನ್ಯವಾದ ಸಣ್ಣ ಕಾರಿಗೆ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಇದ್ದ ಒಂದೂ ಕಳೆದುಹೋದರೆ ಕಾರನ್ನು ಎಳೆದುಕೊಂಡೇ ಹೋಗಬೇಕು, ಮಾಲಿಕತ್ವವನ್ನು ರುಜುಪಡಿಸಬೇಕು, ಕಂಪನಿಯಿಂದ ಹೊಸ ಕೈ ಬರುವವರೆಗೆ ಕಾಯಬೇಕು. ಕೆಲವು ಮಾದರಿಗಳಲ್ಲಿ ಬೀಗಗಳನ್ನೂ ಕಂಪ್ಯೂಟರ್ ಪೆಟ್ಟಿಗೆಯನ್ನೂ ಕೂಡಿಯೇ ಬದಲಿಸಬೇಕಾಗುತ್ತದೆ. ಆಗ ವೆಚ್ಚವು ಹಲವು ಪಟ್ಟು ಏರುತ್ತದೆ. ದಿನದ ಬಾಡಿಗೆಯಿಂದಲೇ ಸಾಲದ ಕಂತು ಕಟ್ಟುವವನಿಗೆ ಕಾದ ದಿನಗಳ ನಷ್ಟ ಬೇರೆ.

ಈ ಕಟ್ಟುನಿಟ್ಟೆಲ್ಲ ಕಳ್ಳತನ ತಡೆಯುವುದಕ್ಕಲ್ಲವೇ ಎಂದರೆ, ಹೌದು. ಜರ್ಮನಿಯಲ್ಲಿಯೂ ಯುರೋಪಿನ ಇತರ ದೇಶಗಳಲ್ಲಿಯೂ 1998ರಿಂದ ಹೊಸ ಕಾರುಗಳಿಗೆ ಇಂಥ ತಡೆಯನ್ನು ಕಡ್ಡಾಯ ಮಾಡಿದರು. ಕೆನಡಾ 2007ರಲ್ಲಿ ಹಾಗೆಯೇ ಮಾಡಿತು. ಅದರಿಂದ ಪ್ರಯೋಜನವಾಯಿತೆಂಬುದರಲ್ಲಿ ಸಂಶಯವಿಲ್ಲ. ಅಂಥ ನಿಯಮವಿಲ್ಲದ ಅಮೇರಿಕದಲ್ಲಿ ಚಿಪ್ ಇಲ್ಲದೆ ಮಾರಿದ ಕೆಲವು ಹ್ಯುಂಡೈ ಮತ್ತು ಕಿಯಾ ಕಾರುಗಳನ್ನು 2021ರಿಂದೀಚೆಗೆ ಹುಡುಗರು ಆಟಕ್ಕೆಂಬಂತೆ ಕದ್ದೊಯ್ದರು. ಆದರೆ ದೆಹಲಿಯ ಕಳ್ಳರು ಹುಡುಗಾಟದವರಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ನಗರವೊಂದರಲ್ಲೇ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಮಿಕ್ಕಿ ವಾಹನಗಳು ಕಳುವಾಗುತ್ತಿವೆ. ಪೊಲೀಸರು ಹಿಡಿದ ತಂಡಗಳ ಬಳಿ ಪದೇ ಪದೇ ಸಿಕ್ಕಿರುವುದು ಏನೆಂದರೆ, ಸ್ಟೀರಿಂಗ್ ಚಕ್ರದ ಕೆಳಗಿನ ರಂಧ್ರಕ್ಕೆ ಸಿಕ್ಕಿಸಿ ಖಾಲಿ ಬೀಗದಕೈಗೆ ಹೊಸ ಗುರುತು ಬರೆಯುವ ಕೈಯಗಲದ ಯಂತ್ರ. ಕಾರು ತನ್ನದೆಂದು ರುಜುಪಡಿಸಲು ಮಾಲಿಕನು ಕಾಗದ ಹಿಡಿದು ದಿನಗಟ್ಟಲೆ ಅಲೆಯುತ್ತಾನೆ. ಕಳ್ಳನು ಕೆಲವೇ ನಿಮಿಷಗಳಲ್ಲಿ ಬೀಗದಕೈ ಮಾಡಿಕೊಂಡು ಹೊರಡುತ್ತಾನೆ. ಈ ವ್ಯವಸ್ಥೆಯ ಬಿಗಿ ಯಾರ ಮೇಲೆ ಬಿದ್ದಿದೆಯೆಂಬುದನ್ನು ವಾಚಕರೇ ತೂಗಿ ನೋಡಲಿ.

ಕಾರು ಕಳುವಾದ ಮೇಲೆ ಎರಡನೆಯ ಸಂಕಟ. ಪರಿಹಾರ ಕೇಳಹೋದರೆ ವಿಮಾ ಕಂಪನಿಗಳು ಎರಡೂ ಬೀಗದಕೈಗಳನ್ನು ಒಪ್ಪಿಸಿರೆನ್ನುತ್ತವೆ. ಒಂದೇ ಇದ್ದರೆ, ಇನ್ನೊಂದನ್ನು ಗಾಡಿಯಲ್ಲೇ ಬಿಟ್ಟಿದ್ದಿರಿ, ಅಥವಾ ನೀವೇ ಯಾರಿಗೋ ಕೊಟ್ಟಿರಿ ಎಂಬ ಶಂಕೆ ಬರುತ್ತದೆ. ಹೊಸದಾಗಿ ಮಾಡಿಸಿದ ಕೈಯನ್ನು ಹಳೆಯದೆಂದು ನಂಬಿಸಲು ಹೊರಟರೆ ಅದನ್ನು ಪರೀಕ್ಷೆಗೆ ಕಳಿಸುವುದೂ ಉಂಟು. ಆಗ ಸುಳ್ಳು ಹೇಳಿದ ಅಪವಾದವೂ ಸೇರುತ್ತದೆ. ನ್ಯಾಯಾಲಯಗಳು ಮಾತ್ರ ಅಷ್ಟು ನಿಷ್ಠುರವಾಗಿಲ್ಲ. ಚಾಲಕನು ಬೀಗದಕೈಯನ್ನು ಗಾಡಿಯಲ್ಲೇ ಬಿಟ್ಟು ಇಳಿದಾಗ ಕಳುವಾದ ಲಾರಿಯೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ವಿಮೆಯ ಮೊತ್ತದ ನೂರಕ್ಕೆ 75 ಪಾಲು ಕೊಡಬೇಕೆಂದು ವಿಧಿಸಿತು. ಕಳುವಾದೊಡನೆ ಪೊಲೀಸರಿಗೆ ದೂರು ಕೊಟ್ಟಿದ್ದರೆ, ವಿಮಾ ಕಂಪನಿಗೆ ತಡವಾಗಿ ತಿಳಿಸಿದ ಮಾತ್ರಕ್ಕೆ ಹಕ್ಕು ತಪ್ಪುವುದಿಲ್ಲವೆಂದು 2020ರಲ್ಲೇ ಹೇಳಿದೆ. ಆದರೆ ತಟ್ಟೆ ತೊಳೆದು ಹಣ ಕೂಡಿಸಿದವನಿಗೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗುವ ತ್ರಾಣವೆಲ್ಲಿ? ಮೊದಲ ಮೇಜಿನಲ್ಲೇ ಅವನು ಸೋಲೊಪ್ಪುತ್ತಾನೆಂದು ಕಂಪನಿಗಳಿಗೆ ಗೊತ್ತು.

ಮುಖ್ಯ ಪ್ರಶ್ನೆಯೆಂದರೆ, ಹಣ ಕೊಟ್ಟು ಕೊಂಡ ಕಾರಿನ ಬೀಗದಕೈಯ ಮೇಲೆ ಅಧಿಕಾರ ಯಾರದು? ಇದಕ್ಕೆ ಉತ್ತರ ಹೇಳಲು ಯತ್ನಿಸಿದ ಒಂದು ಆಜ್ಞೆ ಈ ದೆಹಲಿಯಲ್ಲೇ ಹೊರಟಿತು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ತಮ್ಮ ಅಧಿಕೃತ ಮಾರಾಟಗಾರರ ಹೊರತು ಬೇರಾರಿಗೂ ದೊರೆಯದಂತೆ ಮಾಡಿದ್ದೇ ಅವುಗಳ ಅಪರಾಧ. ಸ್ವತಂತ್ರ ದುರಸ್ತಿಗಾರರಿಗೂ ಅವೆಲ್ಲ ದೊರೆಯಬೇಕೆಂದು ಆಯೋಗವು ಆದೇಶಿಸಿತು. ಕಂಪನಿಗಳು ಮೇಲ್ಮನವಿಯ ಮೆಟ್ಟಲು ಹತ್ತಿದವು. ಕಾಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಯಲ್ಲಾಗಲಿ ಕರೋಲ್ ಬಾಗಿನ ಗಲ್ಲಿಗಳಲ್ಲಾಗಲಿ ಬೀಗದಕೈ ಮಾಡುವ ಕುಶಲಕರ್ಮಿಯ ಸ್ಥಿತಿ ಹೆಚ್ಚು ಬದಲಾದಂತೆ ನಮಗೆ ಕಾಣದು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದು ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಮಾಹಿತಿ ಕೊಡುವುದು ಒಳ್ಳೆಯದೇ, ಆದರೆ ಮಾಹಿತಿಯಿಂದ ಎಂಜಿನ್ ಹಿಡಿಯುವುದಿಲ್ಲ.

ಎಲ್ಲರಿಗೂ ಎಲ್ಲ ಗುಟ್ಟನ್ನೂ ಬಿಟ್ಟುಕೊಡಿರೆಂದು ನಾವು ಹೇಳುವುದಿಲ್ಲ. ಹಾಗೆ ಮಾಡಿದರೆ ಕಳ್ಳರಿಗೇ ಹಬ್ಬ. ಅಮೇರಿಕದಲ್ಲಿ ಒಂದು ಮಧ್ಯಮಾರ್ಗವಿದೆ. ಅಲ್ಲಿ ಬೀಗದ ಕೆಲಸದವರು ತಮ್ಮ ಪೂರ್ವಾಪರಗಳ ತನಿಖೆಗೆ ಒಳಪಟ್ಟು ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಅಂಥವರಿಗೆ ಕಾರು ಕಂಪನಿಗಳು ಬೀಗದಕೈಯ ಸಂಕೇತವನ್ನು ಕೊಡುತ್ತವೆ. ಯಾವ ಕಾರಿಗೆ, ಯಾರಿಗಾಗಿ ಪಡೆದರೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ದೆಹಲಿ, ಹರಿಯಾಣ, ಉತ್ತರ ಪ್ರದೇಶ ಸರ್ಕಾರಗಳು ಕೂಡಿ ಈ ಕುಶಲಕರ್ಮಿಗಳಿಗೆ ಲೈಸನ್ಸ್ ಕೊಟ್ಟು, ಆ ಯಂತ್ರಗಳ ಮಾರಾಟವನ್ನು ಲೈಸನ್ಸ್ ಉಳ್ಳವರಿಗೆ ಮಾತ್ರ ಸೀಮಿತಗೊಳಿಸಿದರೆ, ಮಾಲಿಕನ ಅಲೆದಾಟವೂ ಕಳ್ಳನ ಅನುಕೂಲವೂ ಒಟ್ಟಿಗೇ ಕಡಿಮೆಯಾದಾವು.

ಸರ್ಕಾರಗಳು ಎಚ್ಚರಗೊಳ್ಳುವವರೆಗೆ ನಮ್ಮ ಬಾಂಧವರು ಕಾಯುತ್ತ ಕುಳಿತಿರಬೇಕಾಗಿಲ್ಲ. ಹಳೆಯ ಕಾರು ಕೊಳ್ಳುವಾಗ ಎರಡು ಬೀಗದಕೈಗಳನ್ನು ಕೇಳಬೇಕು. ಇಲ್ಲವೆಂದರೆ ಎರಡನೆಯದರ ವೆಚ್ಚವನ್ನು ಬೆಲೆಯಲ್ಲಿ ಮುರಿಸಬೇಕು, ಒಂದೇ ದೊರೆಯಿತೆಂದು ಮಾರಿದವನಿಂದ ಬರೆಸಿಕೊಳ್ಳಬೇಕು. ಬೀಗದಕೈಯೊಡನೆ ಸಂಖ್ಯೆ ಕೆತ್ತಿದ ಸಣ್ಣ ಬಿಲ್ಲೆಯಿದ್ದರೆ ಅದನ್ನು ಕಾಗದಗಳ ಜತೆ ಜೋಪಾನ ಮಾಡಬೇಕು. ಮತ್ತೊಂದು ಕೈ ಮಾಡಿಸುವ ದಿನವೇ, ಪತ್ತೆಯಿಲ್ಲದ ಹಳೆಯ ಕೈಯ ಗುರುತನ್ನು ಕಾರಿನ ಸ್ಮೃತಿಯಿಂದ ಅಳಿಸಿರೆಂದು ಕೇಳಿಕೊಳ್ಳಬೇಕು; ಅಳಿಸಿದ ಮೇಲೆ ಅದು ಯಾರ ಜೇಬಿನಲ್ಲಿದ್ದರೂ ಅದರಿಂದ ಎಂಜಿನ್ ಹಿಡಿಯದು. ಕಳೆದುಹೋದದ್ದು ದೆಹಲಿಯಲ್ಲಾದರೆ ದೆಹಲಿ ಪೊಲೀಸರ ಜಾಲತಾಣದಲ್ಲಿ ಮನೆಯಿಂದಲೇ, ಖರ್ಚಿಲ್ಲದೆ, ವರದಿ ದಾಖಲಿಸಬಹುದು. ಅದರ ಪ್ರತಿಯೊಂದನ್ನು ಆಗಿಂದಾಗ್ಗೆ ವಿಮಾ ಕಂಪನಿಗೆ ಪತ್ರಮುಖೇನ ಕಳಿಸಿ ಸ್ವೀಕೃತಿ ಪಡೆದರೆ, ಮುಂದೊಂದು ದಿನ ಎರಡನೆಯ ಕೈ ಎಲ್ಲಿ ಎಂದು ಕೇಳಿದಾಗ ತೋರಿಸಲು ಕಾಗದವಿರುತ್ತದೆ. ಬೀಗದಕೈಯ ವೆಚ್ಚವನ್ನು ತುಂಬಿಕೊಡುವ ಹೆಚ್ಚುವರಿ ವಿಮೆಯೂ ಸ್ವಲ್ಪ ಕಂತಿಗೆ ದೊರೆಯುತ್ತದೆ.

ಬೇಸಿಗೆಯ ರಜೆಗೆ ಊರಿಗೆ ಹೊರಡುವವರಲ್ಲಿ ಎರಡನೆಯ ಕೈಯನ್ನು ಕಾರಿನ ಡಬ್ಬಿಯಲ್ಲೇ ಇಟ್ಟುಹೋಗುವ ರೂಢಿ ಕೆಲವರಿಗಿದೆ. ಅದನ್ನು ನಂಬಿಗಸ್ತರಾದ ನೆರೆಯವರ ಕೈಯಲ್ಲೋ, ಹೋಟೆಲಿನ ಗಲ್ಲಾದಲ್ಲೋ ಇಟ್ಟು, ಇಟ್ಟ ತಾಣವನ್ನು ಹೆಂಡತಿಗೂ ತಿಳಿಸಿ ಹೊರಡತಕ್ಕದ್ದು.