ಎಸ್‌ಡಿಎಂಸಿ ಚುನಾವಣೆಗೆ ನೀವೇಕೆ ನಿಲ್ಲಬಾರದು?

ಹೋದ ತಿಂಗಳು ನಮ್ಮ ಮಾರ್ಗದ ಒಂದು ಹಳ್ಳಿಯಿಂದ ಬೆಳಗಿನ ಜಾವ ಫೋನ್ ಬಂತು. ಕರು ಹಾಕಿ ಎರಡು ದಿನವಾದ ಎಚ್.ಎಫ್. ಮಿಶ್ರತಳಿ ಹಸು ನೆಲ ಹಿಡಿದಿದೆ, ಕುತ್ತಿಗೆ ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿದೆ, ಕಿವಿ ತಣ್ಣಗಾಗಿವೆ ಅಂದರು. ಹಾಲು ಜ್ವರ. ಹೋಗಿ ಕ್ಯಾಲ್ಸಿಯಂ ಬಾಟಲಿ ಏರಿಸಿದೆ. ಕ್ಯಾಲ್ಸಿಯಂ ಅನ್ನು ಅವಸರದಲ್ಲಿ ಹರಿಸಿದರೆ ಹಸುವಿನ ಹೃದಯಕ್ಕೇ ಅಪಾಯ. ಆದ್ದರಿಂದ ಬಾಟಲಿ ಮುಗಿಯುವವರೆಗೆ ಕೊಟ್ಟಿಗೆಯಲ್ಲಿ ನಿಂತು ಮಾತಾಡುವುದು ನಮ್ಮ ಕೆಲಸದ ಒಂದು ಭಾಗವೇ ಆಗಿದೆ.

ಅಷ್ಟರಲ್ಲಿ ಒಬ್ಬ ಹುಡುಗ ಉದ್ದನೆಯ ಪುಸ್ತಕ ಹಿಡಿದುಕೊಂಡು ಬಂದ. "ಅಕ್ಕಾ, ಮೇಷ್ಟ್ರು ಸಹಿ ಹಾಕಿಸ್ಕೊಂಡು ಬಾ ಅಂದ್ರು." ಹಸುವಿನ ತಲೆ ಹಿಡಿದು ಕೂತಿದ್ದ ಮನೆಯೊಡತಿ ಒಂದು ಕೈ ಬಿಡಿಸಿಕೊಂಡು, ಸೆರಗಿಗೆ ಒರೆಸಿ, ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಏನದು ಎಂದು ಕೇಳಿದೆ. "ಶಾಲೆ ಕಮಿಟೀದು ಮೇಡಂ, ನಾನೂ ಮೆಂಬರ್ರು." ಮೀಟಿಂಗಿನಲ್ಲಿ ಏನು ತೀರ್ಮಾನವಾಯಿತು ಎಂದೆ. ನಕ್ಕರು. "ಅದೆಲ್ಲ ಅವರೇ ಬರ್ಕೋತಾರೆ."

ನನಗೆ ಆಶ್ಚರ್ಯವಾಗಿದ್ದಕ್ಕೆ ಕಾರಣವಿದೆ. ಇದೇ ಹೆಣ್ಣುಮಗಳು ಕೆಲವು ದಿನಗಳ ಹಿಂದೆ ಡೇರಿಯಲ್ಲಿ ಫ್ಯಾಟ್ 3.2 ಬಂತೆಂದು ಕಾರ್ಯದರ್ಶಿಯ ಎದುರು ನಿಂತು, ಸ್ಯಾಂಪಲ್ ಸರಿಯಾಗಿ ಕಲಕಿ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಹಟ ಹಿಡಿದಿದ್ದನ್ನು ನಾನೇ ನೋಡಿದ್ದೆ. ಹಾಲಿನ ಚೀಟಿಯಲ್ಲಿ ಒಂದು ಪಾಯಿಂಟ್ ಹೆಚ್ಚುಕಮ್ಮಿಯಾದರೆ ಸುಮ್ಮನಿರದವರು, ತಮ್ಮದೇ ಮಕ್ಕಳ ಶಾಲೆಯ ನಡಾವಳಿ ಪುಸ್ತಕಕ್ಕೆ ಓದದೆ ಸಹಿ ಹಾಕುತ್ತಾರೆ. ಇದು ಅವರೊಬ್ಬರ ಮಾತಲ್ಲ. ಈ ಪತ್ರಿಕೆ ಓದುವವರಲ್ಲಿ ಎಷ್ಟು ಜನರ ಹೆಸರು ಹೀಗೆ ಯಾವ ಯಾವ ಪುಸ್ತಕದಲ್ಲಿ ಇದೆಯೋ!

ನಾನು ದನದ ಡಾಕ್ಟರು, ಶಾಲೆಯ ವಿಷಯ ನನಗೇಕೆ ಎಂದು ನೀವು ಕೇಳಬಹುದು. ದಿನಕ್ಕೆ ಹತ್ತು ಹನ್ನೆರಡು ಕೊಟ್ಟಿಗೆ ಸುತ್ತುವವಳು ನಾನು. ಹಾಲಿನ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಹಿಂಡಿ, ಸಂಘದ ಸಾಲ ಆದ ಮೇಲೆ ಮೂರನೆಯ ಉತ್ತರ ಮಕ್ಕಳ ಓದು. ಸರ್ಕಾರಿ ಶಾಲೆ ಚೆನ್ನಾಗಿ ನಡೆಯದ ಊರಿನಲ್ಲಿ ಹಳದಿ ವ್ಯಾನಿನ ಬಾಡಿಗೆಗೇ ಒಂದು ಹಸುವಿನ ಹಾಲು ಹೋಗುತ್ತಿರುತ್ತದೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ನಮ್ಮ ರಾಜ್ಯದಲ್ಲಿ 2001ರಿಂದ ಇದೆ. ಆಮೇಲೆ ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಕಲಂ ಹೇಳುವುದು ಇಷ್ಟು: ಸರ್ಕಾರಿ ಶಾಲೆಯ ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು ಅಥವಾ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ಪರಿಶೀಲಿಸುವುದು ಸಮಿತಿಯ ಕೆಲಸ. ಮುಖ್ಯಶಿಕ್ಷಕರು ಅದರ ಕಾರ್ಯದರ್ಶಿ. ಅಧ್ಯಕ್ಷರು ಪೋಷಕರಲ್ಲೇ ಒಬ್ಬರು, ಬ್ಯಾಂಕ್ ಖಾತೆಗೆ ಅವರದೂ ಸಹಿ ಬೇಕು.

ಅರ್ಧ ಜಾಗ ಮಹಿಳೆಯರಿಗೆ ಎಂದ ಮೇಲೆ ಆ ಜಾಗ ಹೇಗೂ ತುಂಬುತ್ತದೆ. ನೀವಾಗಿ ನಿಂತರೂ ತುಂಬುತ್ತದೆ, ಯಾರೋ ನಿಮ್ಮ ಹೆಸರು ಬರೆದುಕೊಂಡರೂ ತುಂಬುತ್ತದೆ. ಎರಡಕ್ಕೂ ಕಾಗದದ ಮೇಲೆ ವ್ಯತ್ಯಾಸವಿಲ್ಲ. ಆದರೆ ಹೆಸರು ಬರೆಸಿಕೊಂಡು ಬಂದವಳು ಬರೆದವರ ಮುಖ ನೋಡಿಯೇ ಮಾತಾಡಬೇಕು. ಪೋಷಕರ ಸಭೆಯಲ್ಲಿ ಎದ್ದು ನಿಂತು "ನನ್ನನ್ನು ಆರಿಸಿ" ಎಂದು ಕೇಳಿ ಬಂದವಳಿಗೆ ಆ ಹಂಗಿಲ್ಲ. ನಾನು ನಿಮಗೆ ಹೇಳಬೇಕೆಂದಿರುವುದು ಇದೇ, ಮುಂದಿನ ಸಲ ನೀವಾಗಿಯೇ ನಿಲ್ಲಿ.

ಈ ಕೆಲಸಕ್ಕೆ ನೀವು ಹೊಸಬರೇನಲ್ಲ. ಕ್ಷೀರಭಾಗ್ಯವನ್ನೇ ತೆಗೆದುಕೊಳ್ಳಿ. 2013ರ ಆಗಸ್ಟ್ 1ರಂದು ಶುರುವಾದ ಯೋಜನೆ ಇದು. ಮೊದಲು ವಾರಕ್ಕೆ ಮೂರು ದಿನ ಇತ್ತು, ನಂತರ ಐದು ದಿನವಾಯಿತು. ನೀವು ಸಂಘಕ್ಕೆ ಹಾಕಿದ ಹಾಲು ಒಕ್ಕೂಟಕ್ಕೆ ಹೋಗಿ, ಪುಡಿಯಾಗಿ, ಚೀಲದಲ್ಲಿ ನಿಮ್ಮೂರ ಶಾಲೆಗೇ ವಾಪಸ್ ಬರುತ್ತದೆ. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಪುಡಿ, ಅದರಿಂದ 150 ಮಿ.ಲೀ. ಹಾಲು. 80 ಮಕ್ಕಳಿಗೆ ಎಷ್ಟಾಯಿತು? 1,440 ಗ್ರಾಂ ಪುಡಿ, 12 ಲೀಟರ್ ಹಾಲು. ದಾಸ್ತಾನು ಪುಸ್ತಕದಲ್ಲಿ ಇವತ್ತು ಎಷ್ಟು ಮಕ್ಕಳ ಹಾಜರಿ, ಎಷ್ಟು ಪುಡಿ ಖರ್ಚು ಎಂದು ನೋಡಿದರೆ ಲೆಕ್ಕ ಎರಡು ನಿಮಿಷದ್ದು. ಇನ್ನು ಹಾಲು ತೆಳ್ಳಗಿದೆಯೋ ಇಲ್ಲವೋ ಎಂಬುದನ್ನು ನಿಮಗೆ ಹೇಳಿಕೊಡಬೇಕೆ? ಲೋಟ ಓರೆ ಮಾಡಿ ಅಂಚಿನಲ್ಲಿ ಹಾಲು ಹೇಗೆ ಇಳಿಯುತ್ತದೆ ಎಂದು ನೋಡಿಯೇ ಹೇಳುವವರು ನೀವು. ಶಾಲಾ ಸಮಿತಿಯಲ್ಲಿ ಕೂತಿರುವ ಅನೇಕ ಗಂಡಸರಿಗೆ ಈ ಲೆಕ್ಕ ಬಾರದು. ಅವರನ್ನು ದೂರಬೇಡಿ, ಅವರು ಹಾಲು ಕರೆದವರಲ್ಲ.

ದುಡ್ಡಿನ ಲೆಕ್ಕವೂ ಅಷ್ಟೇ. ಸಮಗ್ರ ಶಿಕ್ಷಣ ಯೋಜನೆಯ ನಿಯಮದ ಪ್ರಕಾರ 30ಕ್ಕಿಂತ ಹೆಚ್ಚು, 100ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನ, 250 ಮಕ್ಕಳವರೆಗೆ 50,000. ಇದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೇ ಬಳಸಬೇಕು. ದೊಡ್ಡ ಮೊತ್ತವೇನಲ್ಲ, ನಿಜ. ಒಂದು ಒಳ್ಳೆಯ ಹಸುವಿನ ಬೆಲೆಯೂ ಅಲ್ಲ. ಆದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ನಲ್ಲಿ, ಬಕೆಟ್, ಚಿಲಕ ಹಾಕಿಸಲು ಇಷ್ಟು ಸಾಕು. ಆರು, ಏಳನೆಯ ತರಗತಿಯ ಹುಡುಗಿ ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ತಪ್ಪಿಸುತ್ತಿದ್ದರೆ ಕಾರಣ ಏನೆಂದು ಅವಳ ತಾಯಿಗೆ ಗೊತ್ತು. ಗಂಡಸರೇ ಮಾತಾಡುವ ಸಭೆಯಲ್ಲಿ ಆ ಕಾರಣ ಬಾಯಿಗೇ ಬರುವುದಿಲ್ಲ. ಬಣ್ಣ ಬಳಿಸುವುದು, ಧ್ವಜದ ಕಟ್ಟೆ ರಿಪೇರಿ, ಇವೇ ಠರಾವು ಆಗುತ್ತವೆ. ಕಟ್ಟೆ ಬೇಡ ಎಂದಲ್ಲ, ಚಿಲಕ ಮೊದಲು.

ಚುನಾವಣೆಗೆ ನಿಂತವರು ಯಾರಾದರೂ ಇದ್ದಾರೆಯೇ? ಇದ್ದಾರೆ. ನಮ್ಮದೇ ಸಂಘವೊಂದರ ಸದಸ್ಯೆ, ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಊರಿನಲ್ಲಿ ಪೋಷಕರ ಸಭೆ ಎಂದರೆ ಹಿರಿಯರೊಬ್ಬರು ಜೇಬಿನಿಂದ ಪಟ್ಟಿ ತೆಗೆದು ಓದುವುದು, ಉಳಿದವರು ಚಪ್ಪಾಳೆ ತಟ್ಟುವುದು. ಒಂದು ಸಲ ಇವರು ಎದ್ದು "ನನ್ನ ಹೆಸರೂ ಬರ್ಕೊಳ್ಳಿ" ಎಂದರು. ಸಭೆಯೇ ತಬ್ಬಿಬ್ಬಾಯಿತು. ಅವಿರೋಧ ಆಗಬೇಕಿದ್ದ ಜಾಗಕ್ಕೆ ಕೈ ಎತ್ತಿಸಿದರು. ಯಾರ ಕೈ ಮೇಲೇಳುತ್ತದೆ ಎಂದು ಆ ಹಿರಿಯರು ನೋಡುತ್ತಾ ನಿಂತಿದ್ದರು. ಇವರಿಗೆ 11 ಕೈ. ಸೋತರು. ಮನೆಗೆ ಬಂದು ಎರಡು ದಿನ ಡೇರಿಗೆ ಹಾಲು ಹಾಕಲು ಮಗನನ್ನೇ ಕಳಿಸಿದರಂತೆ, ಮುಖ ತೋರಿಸಲು ನಾಚಿಕೆಯಾಗಿ. ಮೂರನೆಯ ದಿನ ಹೋದಾಗ ಕ್ಯೂನಲ್ಲಿದ್ದ ನಾಲ್ಕೈದು ಜನ ಪಕ್ಕಕ್ಕೆ ಕರೆದು, "ನಾವೂ ಕೈ ಎತ್ತೋರೇ, ಅವರು ನೋಡ್ತಿದ್ರಲ್ಲ" ಎಂದರಂತೆ.

ಮುಂದಿನ ಸಲ ಸಮಿತಿ ಬದಲಾಗುವ ಹೊತ್ತಿಗೆ ಅವರ ಕಿರಿಯ ಮಗ ಅದೇ ಶಾಲೆಯಲ್ಲಿದ್ದ. ಈ ಸಲ ಎರಡು ಕೆಲಸ ಮಾಡಿದರು. ಕೈ ಎತ್ತುವುದು ಬೇಡ, ಚೀಟಿಯಲ್ಲಿ ಬರೆಸಿ ಎಂದು ಮುಖ್ಯಶಿಕ್ಷಕರಿಗೆ ಮೊದಲೇ ಅರ್ಜಿ ಬರೆದುಕೊಟ್ಟರು. ಒಂದು ವಾರ ಹಾಲು ಹಾಕಲು ಹೋದಾಗಲೆಲ್ಲ ಹತ್ತು ನಿಮಿಷ ಹೆಚ್ಚಿಗೆ ನಿಂತು, ಮಕ್ಕಳಿರುವ ಒಬ್ಬೊಬ್ಬರನ್ನೇ ಮಾತಾಡಿಸಿದರು. ಭಾಷಣ ಇಲ್ಲ, ಕರಪತ್ರ ಇಲ್ಲ. "ನಿನ್ನ ಮಗಳ ಶಾಲೆಗೆ ನೀರು ಬೇಕೋ ಬೇಡ್ವೋ?" ಇಷ್ಟೇ ಪ್ರಚಾರ. ಗೆದ್ದರು.

(ಒಂದು ಎಚ್ಚರಿಕೆಯ ಮಾತು. ಡೇರಿಯ ಬಾಗಿಲಿಗೆ ಪಕ್ಷ, ಜಾತಿ ತರಬೇಡಿ. ಶಾಲೆಯ ಚುನಾವಣೆಯ ಜಗಳದಿಂದ ಹಾಲು ಹಾಕುವ ಸಾಲು ಎರಡಾದರೆ ಶಾಲೆಯೂ ಉದ್ಧಾರವಾಗದು, ಸಂಘವೂ ಉಳಿಯದು. ಹೀಗೆ ಒಡೆದ ಸಂಘ ಕಂಡಿದ್ದೇನೆ.)

ಗೆದ್ದ ಮೇಲೆ ಪವಾಡವೇನೂ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಶೌಚಾಲಯಕ್ಕೆ ನೀರಿನ ಪೈಪು ಬರಲು ಎಂಟು ತಿಂಗಳು ಹಿಡಿಯಿತು. ಪಂಚಾಯಿತಿಗೆ ಅಲೆದದ್ದೇ ಅಲೆದದ್ದು. ಅಧ್ಯಕ್ಷರೊಂದಿಗೆ ಮಾತು ಬಿಟ್ಟು, ಮತ್ತೆ ಮಾತಾಡಿ, ಅದೆಲ್ಲ ಆಯಿತು. "ನಾಲ್ಕು ಸಲ ಹೋಗೋ ಕಡೆ ಹತ್ತು ಸಲ ಹೋದೆ ಮೇಡಂ, ಪೆಟ್ರೋಲು ನಂದೇ" ಎಂದರು. ಇದು ಸಂಬಳವಿಲ್ಲದ ಕೆಲಸ.

ನಿಲ್ಲದಿರಲು ನೀವು ಕೊಡುವ ಕಾರಣಗಳೂ ನನಗೆ ಗೊತ್ತು. ಓದು ಬರಹ ಅಷ್ಟಾಗಿ ಬಾರದು ಎನ್ನುತ್ತೀರಿ. ಕಾಯ್ದೆ ನಿಮ್ಮ ಅಂಕಪಟ್ಟಿ ಕೇಳುವುದಿಲ್ಲ, ನಿಮ್ಮ ಮಗು ಆ ಶಾಲೆಯಲ್ಲಿ ಓದುತ್ತಿದೆಯೇ ಎಂದಷ್ಟೇ ಕೇಳುತ್ತದೆ. ನಡಾವಳಿ ಓದಲು ಆಗದಿದ್ದರೆ ಸಹಿಗೆ ಮುಂಚೆ ಗಟ್ಟಿಯಾಗಿ ಓದಿಸಿ, ನಿಮ್ಮ ಮಗಳ ಕೈಲೇ ಓದಿಸಬಹುದು. ಮನೆಯವರು ಒಪ್ಪುವುದಿಲ್ಲ ಎನ್ನುತ್ತೀರಿ. ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಹಾಲಿನ ಬಟವಾಡೆ ನಿಮ್ಮ ಖಾತೆಗೇ ಬರಲಿ ಎಂದಾಗಲೂ ಅನೇಕ ಮನೆಗಳಲ್ಲಿ ಒಪ್ಪಿರಲಿಲ್ಲ, ಈಗ ಒಪ್ಪಿದ್ದಾರೆ ಎಂದಷ್ಟೇ ನೆನಪಿಸುತ್ತೇನೆ.

ನನ್ನ ಪ್ರಕಾರ ನಿಜವಾದ ಅಡ್ಡಿ ಬೇರೆಯೇ ಇದೆ, ಅದು ಸಭೆಯ ಸಮಯ. ಶಾಲೆ ಬಿಟ್ಟ ಮೇಲೆ ಸಂಜೆ ಐದಕ್ಕೆ ಸಭೆ ಕರೆಯುತ್ತಾರೆ. ಆಗ ನಿಮ್ಮ ಕೈ ಕೆಚ್ಚಲಿನ ಮೇಲಿರುತ್ತದೆ, ಐದೂವರೆಗೆ ಡೇರಿ ತೆರೆಯುತ್ತದೆ. ಗಂಡಸರು ಪಂಚೆ ಬದಲಿಸಿಕೊಂಡು ಹೋಗಿ ಬರುತ್ತಾರೆ, ನಿಮ್ಮ ಮನೆಗೆ ಪುಸ್ತಕ ಬರುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಆಗುವುದು ಹಾಗೆ. ಹಸುವಿಗೆ ಗಂಟೆ ಮುಂದೆ ಹಿಂದೆ ಮಾಡಲಾಗದು, ಹಾಲು ಬತ್ತುತ್ತದೆ, ಕೆಚ್ಚಲು ಬಾವು ಬರುತ್ತದೆ. ಸಭೆಗೆ ಮಾಡಬಹುದು. ನೀವು ಆಯ್ಕೆಯಾದರೆ ಮೊದಲ ಸಭೆಯಲ್ಲಿ ಮೊದಲ ಠರಾವಾಗಿ ಇದನ್ನೇ ಕೇಳಿ: ಇನ್ನು ಮುಂದೆ ಸಭೆ ಬೆಳಗ್ಗೆ ಹತ್ತೂವರೆಗೆ, ಇಲ್ಲವೇ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ. ಬಿಸಿಯೂಟದ ಹೊತ್ತಿಗಾದರೆ ಸಾರಿನ ರುಚಿಯೂ ತಿಳಿಯುತ್ತದೆ.

ಇಷ್ಟೆಲ್ಲ ಹೇಳುವ ನಾನು ಏನು ಮಾಡಿದ್ದೇನೆ? ಪಟ್ಟಣದಲ್ಲಿ ನನ್ನ ಮಗ ಓದುವ ಶಾಲೆಯ ಪೋಷಕರ ಸಭೆಗೆ ಎರಡು ವರ್ಷದಿಂದ ಹೋಗಿಲ್ಲ. ತುರ್ತು ಕರೆ ಇತ್ತು, ಗರ್ಭಧಾರಣೆ ಕೇಸು ಇತ್ತು, ಎಲ್ಲ ನಿಜವೇ. ಅಲ್ಲಿಂದಲೂ ಮನೆಗೆ ಪುಸ್ತಕ ಬಂದಿತ್ತು, ನಾನೂ ಸಹಿ ಹಾಕಿದ್ದೆ. ಪಶುವೈದ್ಯಕೀಯ ಪದವಿ ಪಡೆದವಳು, ಒಂದು ಸಾಲೂ ಓದಿರಲಿಲ್ಲ. ಆ ಕೊಟ್ಟಿಗೆಯಲ್ಲಿ ಬಾಟಲಿ ಹಿಡಿದು ನಿಂತಾಗ ನೆನಪಾಗಿದ್ದು ಅದೇ.

ಈಗ ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ನಾಳೆ ಮಗುವನ್ನು ಶಾಲೆಗೆ ಬಿಡುವಾಗ ಮುಖ್ಯಶಿಕ್ಷಕರನ್ನು ಎರಡು ಪ್ರಶ್ನೆ ಕೇಳಿ. ಈಗಿನ ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆ? ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರು ಇದೆಯೇ? ಎರಡನೆಯದಕ್ಕೆ "ಇದೆಯಲ್ಲಮ್ಮ" ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಅಂದಹಾಗೆ ಆ ಹಸು ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಸಗಣಿ ಹಾಕಿ, ಮಧ್ಯಾಹ್ನದೊಳಗೆ ಎದ್ದು ನಿಂತಿತು. ಮೊನ್ನೆ ಕರುವಿನ ಕೊಂಬಿನ ಮೊಳಕೆ ಸುಡಲು ಮತ್ತೆ ಹೋಗಿದ್ದೆ. ಪುಸ್ತಕ ಮತ್ತೆ ಬಂತೇ ಎಂದು ಕೇಳಿದೆ. ಬಂದಿತ್ತಂತೆ. "ಇಟ್ಟು ಹೋಗು, ಓದಿ ಕಳಿಸ್ತೀನಿ" ಎಂದರಂತೆ. ಹುಡುಗ ಪುಸ್ತಕ ಬಿಡದೆ ವಾಪಸ್ ತೆಗೆದುಕೊಂಡು ಹೋಗಿದ್ದಾನೆ. ಮುಂದಿನ ಸೋಮವಾರ ತಾವೇ ಶಾಲೆಗೆ ಹೋಗುತ್ತಾರಂತೆ.