ಪರಮಗೀತೆಗೆ ಹೆಣ್ಣುದನಿ

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ‘ಪರಮಗೀತೆ’ ಎಂಬ ಎಂಟು ಅಧ್ಯಾಯಗಳ ಪುಟ್ಟ ಪುಸ್ತಕವಿದೆ. ಅದರಲ್ಲಿ ಆಜ್ಞೆಗಳಿಲ್ಲ, ವಂಶಾವಳಿಯಿಲ್ಲ. ಇರುವುದು ಪ್ರೀತಿಸಿದ ಇಬ್ಬರ ಮಾತು, ದ್ರಾಕ್ಷಿ ದಾಳಿಂಬೆಯ ತೋಟಗಳು, ಇರುಳಲ್ಲಿ ನಲ್ಲನನ್ನು ಹುಡುಕುತ್ತ ಬೀದಿ ಸುತ್ತುವ ಹೆಣ್ಣು. ಮಾತಿನ ಹೆಚ್ಚಿನ ಪಾಲು ಅವಳದೇ. ಬಿಸಿಲಿಗೆ ಕಪ್ಪಾದ ಮೈಬಣ್ಣದ ಬಗ್ಗೆ ಅವಳು ಅಳುಕದೆ ಹೇಳಿಕೊಳ್ಳುತ್ತಾಳೆ. ಯೆರೂಸಲೇಮಿನ ಹೆಂಗಳೆಯರ ಗುಂಪು ನಡುನಡುವೆ ಅವಳನ್ನು ಪ್ರಶ್ನಿಸುತ್ತದೆ. ಒಬ್ಬಳು ಹಾಡುವುದು, ಹಲವರು ದನಿಗೂಡಿಸುವುದು: ಈ ಏರ್ಪಾಡು ಕಾವ್ಯದೊಳಗೇ ಇದೆ.

ಹಾಗಿದ್ದೂ ಇವಳ ಮಾತನ್ನು ಬಹುಕಾಲ ಹಾಡಿದವರು ಗಂಡಸರು. ಇಟಲಿಯ ಸಂಗೀತ ರಚನೆಕಾರ ಪಾಲೆಸ್ಟ್ರೀನಾ 1584ರಲ್ಲಿ ಪರಮಗೀತೆಯಿಂದ ಐದು ದನಿಗಳ 29 ಹಾಡುಗಳನ್ನು ಪ್ರಕಟಿಸಿದ. ಚರ್ಚಿನ ಗಾಯಕವೃಂದದಲ್ಲಿ ಆಗ ಹೆಂಗಸರಿಗೆ ಜಾಗವಿರಲಿಲ್ಲ. ಮೇಲಿನ ದನಿಗಳನ್ನು ಹುಡುಗರೋ, ದನಿ ಏರಿಸಬಲ್ಲ ಗಂಡಸರೋ ಹಾಡುತ್ತಿದ್ದರು. ಹೆಣ್ಣುಮಕ್ಕಳಿಗೆ ಅವಕಾಶ ದೊರೆತದ್ದು ಕನ್ಯಾಮಠಗಳಲ್ಲಿ. 17ನೆಯ ಶತಮಾನದ ಮಿಲಾನಿನಲ್ಲಿ ಕಿಯಾರಾ ಮಾರ್ಗರೀತಾ ಕೊಝೊಲಾನಿ ಎಂಬ ಸನ್ಯಾಸಿನಿ ತಾವೇ ಸಂಗೀತ ರಚಿಸಿ ಅಚ್ಚು ಹಾಕಿಸಿದರು.

ಪ್ರೇಮಗೀತೆಗೆ ಧರ್ಮಗ್ರಂಥದಲ್ಲಿ ಏನು ಕೆಲಸ ಎಂಬ ಪ್ರಶ್ನೆ ಹಳೆಯದು. ಯೆಹೂದ್ಯರು ಇದನ್ನು ದೇವರಿಗೂ ಇಸ್ರಾಯೇಲಿಗೂ ಇರುವ ಒಲವೆಂದು ಓದಿದರೆ, ಕ್ರೈಸ್ತರು ಕ್ರಿಸ್ತನಿಗೂ ಸಭೆಗೂ ಇರುವ ಒಲವೆಂದು ಓದಿದರು. ಶರಣಸತಿ–ಲಿಂಗಪತಿ ಭಾವವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದಲ್ಲ. ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸಿದ ಉಡುತಡಿಯ ಅಕ್ಕಮಹಾದೇವಿಯೂ ಕಾಡುಮೇಡು ಅಲೆದು ಹುಡುಕಿದವಳೇ. ಒಂದು ಭೇದವನ್ನು ಮಾತ್ರ ಮರೆಯಬಾರದು. ಅಕ್ಕನ ನಲ್ಲ ದೇವರೇ. ಪರಮಗೀತೆಯ ನಲ್ಲನನ್ನು ದೇವರಾಗಿ ಕಂಡವರು ಓದುಗರು.

ರಾಗ ಹಾಕುವವರಿಗೆ ಎರಡೂ ಕಡೆ ಎದುರಾಗುವ ತೊಡಕು ಒಂದೇ. ವಚನಕ್ಕೆ ಮಾತ್ರೆ, ಗಣಗಳ ಕಟ್ಟಿಲ್ಲ. ಹೀಬ್ರೂ ಕಾವ್ಯದಲ್ಲೂ ನಮ್ಮ ಬಗೆಯ ಛಂದಸ್ಸಿಲ್ಲ. ಅಲ್ಲಿ ಲಯ ಹುಟ್ಟುವುದು ಅರ್ಥದಿಂದ: ಅನೇಕ ಕಡೆ ಸಾಲಿನ ಮೊದಲರ್ಧ ಹೇಳಿದ್ದನ್ನು ಎರಡನೆಯ ಅರ್ಧ ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ. ಹಾಗಾಗಿ ಹಾಡುವವರನ್ನು ಎರಡು ಗುಂಪು ಮಾಡಿ ಒಂದೊಂದು ಅರ್ಧವನ್ನು ಒಂದೊಂದು ಗುಂಪಿಗೆ ಕೊಡಬಹುದು. ನಮ್ಮ ಸೋಬಾನೆಯಲ್ಲಿ ಒಬ್ಬರು ಸೊಲ್ಲೆತ್ತಿದರೆ ಉಳಿದವರು ಸೊಲ್ಲಿಗೆ ಸೊಲ್ಲು ಕೂಡಿಸುವುದಿಲ್ಲವೇ? ಮದುವೆಮನೆಯ ಈ ಹೆಂಗಸರ ಹಾಡು ಪರಮಗೀತೆಗೆ ಪಾಶ್ಚಾತ್ಯ ಸ್ವರಮೇಳಕ್ಕಿಂತ ಹತ್ತಿರದ್ದು ಎಂದೇ ನನ್ನ ನಂಬಿಕೆ.

ಹೆಣ್ಣುದನಿಗಳಷ್ಟೇ ಹಾಡುವಾಗ ಇನ್ನೊಂದು ಕಷ್ಟವಿದೆ. ಪಾಶ್ಚಾತ್ಯ ಮೇಳದಲ್ಲಿ ಗಂಡಸರ ಮಂದ್ರದ ದನಿ ಕೆಳಗಿನಿಂದ ಹಾಡನ್ನು ಹೊರುತ್ತದೆ. ಅದಿಲ್ಲವಾದರೆ ಹಾಡು ನೆಲೆ ತಪ್ಪಿದಂತೆ ಕೇಳುತ್ತದೆ. ನಮ್ಮಲ್ಲಿ ಆ ನೆಲೆಯನ್ನು ತಂಬೂರಿ ಕೊಡುತ್ತದೆ. ಐದು, ಐದೂವರೆ ಮನೆಯ ಶ್ರುತಿ ಹಿಡಿದರೆ ಹೆಚ್ಚಿನ ಹೆಣ್ಣುಮಕ್ಕಳಿಗೆ ಗಂಟಲು ಬಿಗಿಯದೆ ಹಾಡಲಾಗುತ್ತದೆ.

ಮಲ್ಲಿಕಾರ್ಜುನ ಮನ್ಸೂರರು ಅಕ್ಕನ ವಚನ ಹಾಡಿದಾಗ ಅದು ಗಂಡಿನದೋ ಹೆಣ್ಣಿನದೋ ಎಂಬ ಯೋಚನೆಯೇ ಬರುವುದಿಲ್ಲ. ಅಂಥ ಗಾಯನಕ್ಕೆ ತಲೆಬಾಗುತ್ತೇನೆ. ಆದರೆ ಗುಂಪಾಗಿ ಹೆಂಗಸರು ಹಾಡಿದಾಗ ನಾಯಕಿಯೂ ಅವಳ ಗೆಳತಿಯರೂ ಬೇರೆಬೇರೆಯಾಗಿ ಕೇಳಿಸುತ್ತಾರೆ. ಒಂಟಿ ಗಾಯನದಲ್ಲಿ ಆ ಮಾತುಕತೆ ಸಿಗದು.

ಇಂಥ ಗಾಯನ ಕಟ್ಟಲು ಬೇಕಾದ ನೆಲೆಗಳು ಬೆಂಗಳೂರಿನಲ್ಲಿವೆ: ಉಲ್ಲಾಳದ ಆಸುಪಾಸಿನಲ್ಲೇ ಮಲ್ಲತ್ತಹಳ್ಳಿಯ ಕಲಾಗ್ರಾಮವಿದೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಪ್ರದರ್ಶಕ ಕಲೆಗಳ ವಿಭಾಗವಿದೆ. ಈ ಭಾಗದ ಸಂಗೀತ ಗುರುಗಳು, ಚರ್ಚಿನ ಗಾಯಕವೃಂದದವರು, ಅಕ್ಕನ ಬಳಗದ ತಾಯಂದಿರು ಒಂದೆಡೆ ಕೂತು ಪರಮಗೀತೆಯ ಒಂದು ಅಧ್ಯಾಯವನ್ನೂ ಅಕ್ಕನ ಕೆಲವು ವಚನಗಳನ್ನೂ ಹೆಣ್ಣುದನಿಗಳಿಗಾಗಿ ಕನ್ನಡದಲ್ಲೇ ಕಟ್ಟಲಿ ಎಂದು ಕೇಳಿಕೊಳ್ಳುತ್ತೇನೆ.